ಸತ್ಯವ್ವ ಎರೆದ ನೀರು

7 ಆಗಸ್ಟ್ 1978, ಸೋಮವಾರ
ಸದಾಶಿವನಗರ, ಬೆಳಗಾವಿ

ಬೆಳಿಗ್ಗೆ ಈರಣ್ಣನವರ ರೇಡಿಯೋದಲ್ಲಿ ಸುದ್ದಿ ಬಂತು. ರೋಮ್‌ನಲ್ಲಿ ಪೋಪ್ ಜಗದ್ಗುರುಗಳು ನಿನ್ನೆ ತೀರಿಕೊಂಡರು. ಈರಣ್ಣನವರು ಈ ಮನೆಯ ಮಾಲಕರು, ನಾನಿರುವುದು ಅವರ ಹಿತ್ತಲ ಕೋಣೆಯಲ್ಲಿ. ವಾರ್ತೆ ಮುಗಿಯುವ ಮೊದಲೇ ಛತ್ರಿ ಹಿಡಿದು ಬಂದರು. "ಚೌರಪ್ಪ ಮಾಸ್ತರ, ನಿಮ್ಮ ದೊಡ್ಡ ಗುರುಗಳು ಲಿಂಗೈಕ್ಯ ಆದ್ರಂತ," ಎಂದು ತಲೆಯ ಟೊಪ್ಪಿಗೆ ತೆಗೆದು ನಿಂತರು. ಅವರಿಗೆ ತಿಳಿದ ಮರ್ಯಾದೆಯ ಮಾತು ಅದು. ನನಗೆ ಕಣ್ಣು ತುಂಬಿತು.

"ಇನ್ನ ಮುಂದ ಯಾರ್ರಿ?" ಎಂದು ಕೇಳಿದರು. ಕುಳ್ಳಿರಿಸಿ ಕ್ರಮವಾಗಿ ವಿವರಿಸಿದೆ. ಯೇಸುಸ್ವಾಮಿ ತಮ್ಮ ಅಧಿಕಾರವನ್ನು ಪೇತ್ರರಿಗೆ ಒಪ್ಪಿಸಿದ್ದು, ಪೇತ್ರರಿಂದ ಮುಂದಿನವರಿಗೆ, ಹೀಗೆ ತಲೆಯ ಮೇಲೆ ಕೈಯಿಟ್ಟು ಇಟ್ಟು ಸಾವಿರದ ಒಂಬೈನೂರು ವರ್ಷ ನಡೆದು ಬಂದದ್ದು. ನಡುವೆ ಎಲ್ಲೂ ತುಂಡಾಗಿಲ್ಲ. ಬೆಳಗಾವಿಯ ಬಿಷಪ್ ಸ್ವಾಮಿಗೂ ಅದೇ ಅಧಿಕಾರ, ಅವರು ಸಹಿ ಮಾಡಿ ನನಗೆ ಕೊಟ್ಟ ಉಪದೇಶಿ ಸನ್ನದಿಗೂ ಅದೇ ಬೇರು. ಗೋಡೆಯ ಮೇಲಿನ ಸನ್ನದನ್ನು ತೋರಿಸಿದೆ.

ಈರಣ್ಣನವರು ಎಲ್ಲ ಕೇಳಿ, "ಈಗ ಅವರು ಹೋದ್ರು, ಇನ್ನೊಬ್ಬರು ಬಂದಿಲ್ಲ. ನಡುವ ಆ ಅಧಿಕಾರ ಎಲ್ಲಿ ಇರತೈತಿ?" ಎಂದರು.

"ದೇವರ ಹತ್ರ."

"ಹಂಗಾರ ಯಾವಾಗಲೂ ಅಲ್ಲೇ ಇರತೈತಿ ಅನ್ರಿ," ಎಂದು ನಕ್ಕು ಎದ್ದು ಹೋದರು. ಒಳ್ಳೆಯವರು. ಆದರೆ ಶಾಸ್ತ್ರವನ್ನು ಹಾಗೆ ಸಡಿಲಾಗಿ ಹಿಡಿಯಲಾಗದು.

ಮೂವತ್ತೊಂದು ವರ್ಷ ಕ್ಯಾಂಪಿನ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸಿದೆ. ಜೂನ್‌ನಲ್ಲಿ ಹೊಸ ಗುರುಗಳು, "ಇನ್ನು ವಿಶ್ರಾಂತಿ ತಗೊಳ್ರಿ," ಎಂದರು. ನನ್ನ ಜಾಗದಲ್ಲಿ ಈಗ ಒಬ್ಬ ಸಿಸ್ಟರ್ ಗಿಟಾರ್ ಬಾರಿಸಿ ಕಲಿಸುತ್ತಾರಂತೆ. ಪಾಠದ ಟಿಪ್ಪಣಿ ಬರೆಯುವ ಕೆಲಸ ಹೋಯಿತು, ಬರೆಯುವ ಚಟ ಹೋಗಲಿಲ್ಲ. ಅದಕ್ಕೆ ಈ ವಹಿ.

ಮಗಳು ಮಾರ್ತಾಳಿಂದ ಪತ್ರವಿಲ್ಲ. ಬೀಡಿ ಊರಿನ ಸಾಲೆಯಲ್ಲಿ ಟೀಚರು ಅವಳು, ರಜೆ ಕೇಳಿದ್ದಾಳೋ ಇಲ್ಲವೋ. ದಿನ ತುಂಬುವುದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಇಲ್ಲಿಗೆ ಕರೆತರಬೇಕು. ಮಳೆ ನಿಂತಿಲ್ಲ.

12 ಆಗಸ್ಟ್, ಶನಿವಾರ

ಮಧ್ಯಾಹ್ನ ಅಳಿಯ ಬಸ್ತ್ಯಾಂವ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತಿದ್ದ. ಖಾನಾಪುರದ ಕಟ್ಟಿಗೆ ಡಿಪೋದಲ್ಲಿ ಕಾರಕೂನ ಅವನು. ವಾರಕ್ಕೊಮ್ಮೆ ಬೀಡಿಗೆ ಹೋಗಿಬರುತ್ತಾನೆ. ಅವನ ಮುಖ ನೋಡಿ ಒಳಗೆ ಕರೆಯುವುದನ್ನೂ ಮರೆತೆ.

"ಹೆಣ್ಣು, ಮಾಮಾ," ಎಂದ. "ಇಬ್ಬರೂ ಅದಾರ."

ಬುಧವಾರ ಸಂಜೆ ನಾಲ್ಕಕ್ಕೆ ಹೆರಿಗೆ. ತಿಂಗಳು ಮೊದಲೇ. ಹಳ್ಳ ತುಂಬಿ ಎರಡು ದಿನ ಬಸ್ಸಿಲ್ಲ. ಇವನು ಖಾನಾಪುರದಲ್ಲಿ ಸಿಕ್ಕಿಬಿದ್ದಿದ್ದ. ರಕ್ತ ಹೋಗಿ ಮಾರ್ತಾಳಿಗೆ ಎಚ್ಚರ ತಪ್ಪಿತು. ಕೂಸು ನೀಲಿಗಟ್ಟಿತ್ತು, ಅಳಲಿಲ್ಲ. ಸೂಲಗಿತ್ತಿಯೇ ಅದರ ಬಾಯಿಗೆ ಬಾಯಿಟ್ಟು ಊದಿ, ಬೆನ್ನು ತಿಕ್ಕಿ, ಉಳಿಯುವುದಿಲ್ಲ ಅನಿಸಿದಾಗ ತಲೆಗೆ ನೀರೆರೆದು ಜ್ಞಾನಸ್ನಾನವನ್ನೂ ಕೊಟ್ಟಳಂತೆ. ಆಮೇಲೆ ಕೂಸು ಅತ್ತಿತಂತೆ.

ದೇವರಿಗೆ ಸ್ತೋತ್ರ ಎಂದು ಮೊಣಕಾಲೂರಿದೆ. ಎದ್ದ ಮೇಲೆ ಕೇಳಿದೆ, "ಯಾರು ಆ ಸೂಲಗಿತ್ತಿ? ನಮ್ಮವಳೇನು?"

"ಅಲ್ಲ ಮಾಮಾ. ಕುರುಬರ ಸತ್ಯವ್ವ."

ಬೀರಪ್ಪನ ಗುಡಿಗೆ ಭಂಡಾರ ಒಯ್ಯುವ ಹೆಂಗಸು ನನ್ನ ಮೊಮ್ಮಗಳಿಗೆ ಜ್ಞಾನಸ್ನಾನ ಕೊಟ್ಟಿದ್ದಾಳೆ! ಸಾಯುವ ಗಳಿಗೆಯಲ್ಲಿ ಯಾರು ಬೇಕಾದರೂ ಕೊಡಬಹುದು ಎಂಬ ನೇಮ ನನಗೆ ಗೊತ್ತಿದೆ. ನಾನೇ ಎಷ್ಟೋ ತಲೆಮಾರಿಗೆ ಕಲಿಸಿದ್ದೇನೆ. ಆದರೆ ನೀರು ಸರಿಯಾಗಿರಬೇಕು, ಮಾತು ಸರಿಯಾಗಿರಬೇಕು, ಮಾಡುವವರ ಉದ್ದೇಶ ಸರಿಯಾಗಿರಬೇಕು. ಈಕೆಗೆ ಯಾವುದು ಗೊತ್ತು? ಯಾರು ಹೇಳಿಕೊಟ್ಟರು?

ಹೆಸರನ್ನೂ ಅವಳೇ ಇಟ್ಟುಬಿಟ್ಟಿದ್ದಾಳೆ. ಅನ್ನಾ ಅಂತ. ತೀರಿಹೋದ ನನ್ನ ಹೆಂಡತಿಯ ಹೆಸರು. ಮಾರ್ತಾ ಹೇಳಿರಬೇಕು ಅಂದುಕೊಂಡೆ. ಬಸ್ತ್ಯಾಂವ, "ಅವಳಿಗೆ ಎಚ್ಚರ ಎಲ್ಲಿತ್ತು ಮಾಮಾ?" ಎಂದ.

15 ಆಗಸ್ಟ್, ಮಂಗಳವಾರ. ಬೀಡಿ

ಹಳ್ಳ ಇಳಿದಿದೆ. ಖಾನಾಪುರದಲ್ಲಿ ಬಸ್ಸು ಬದಲಿಸಿ ಹನ್ನೊಂದಕ್ಕೆ ಮುಟ್ಟಿದೆ. ಸಾಲೆಯ ಮಕ್ಕಳು ಧ್ವಜ ಏರಿಸಿ ಪೇಪರಮೆಂಟು ತಿನ್ನುತ್ತ ಹೋಗುತ್ತಿದ್ದವು.

ಕೂಸು ನನ್ನ ಎರಡು ಅಂಗೈಯಲ್ಲಿ ಹಿಡಿಸಿತು. ಕಿವಿ ಅವರೆಯ ಎಳೆ ಕಾಯಿಯಷ್ಟು. ಮೂಗು ನಮ್ಮ ಮನೆತನದ್ದೇ, ಪಾಪ. ಆಕಳಿಸುವಾಗ ಇಡೀ ಮೈಯೇ ಬಾಯಾಗುತ್ತದೆ. ಎಷ್ಟು ಹೊತ್ತು ನೋಡುತ್ತ ಕುಳಿತೆನೋ, ನನ್ನ ಮುಂದಿಟ್ಟ ಚಹಾ ಆರಿ ಕೆನೆಗಟ್ಟಿತ್ತು.

ಸತ್ಯವ್ವ ಎಂಬ ಆ ಹೆಂಗಸು ಒಲೆಯ ಮುಂದೆ ಬಿಸಿನೀರು ಕಾಯಿಸುತ್ತಿದ್ದಳು. ಐವತ್ತರ ಹತ್ತಿರ, ಗಟ್ಟಿ ಮೈ, ಹಣೆಗೆ ರೂಪಾಯಿಯಷ್ಟು ಕುಂಕುಮ. "ಬರ್ರಿ ಮಾಸ್ತರ, ಕುಂದರ್ರಿ," ಎಂದಳು, ತನ್ನದೇ ಮನೆ ಎಂಬಂತೆ. ನಾನು ಹೂಂ ಎಂದೆ.

ಮಾರ್ತಾಳಿಗೆ ಹೇಳಿದೆ, ಮೈ ಸುಧಾರಿಸಿದ ಮೇಲೆ ಬೆಳಗಾವಿಯ ದೊಡ್ಡ ಇಗರ್ಜಿಯಲ್ಲಿ ಸರಿಯಾಗಿ ಜ್ಞಾನಸ್ನಾನ ಕೊಡಿಸೋಣ, ನಿನಗೆ ಹಾಕಿದ ಬಿಳಿ ಅಂಗಿ ಪೆಟ್ಟಿಗೆಯಲ್ಲಿ ಇನ್ನೂ ಇದೆ ಎಂದು.

"ಆಗೇದಲ್ಲ ಅಪ್ಪಾ," ಎಂದಳು.

"ಆಗಿದ್ದು ಖರೇನೋ ಅಲ್ಲೋ ಯಾರಿಗೆ ಗೊತ್ತು?"

"ಅಕಿ ನನ್ನ ಕೂಸಿಗೆ ಉಸುರು ಕೊಟ್ಟಾಳ. ನೀ ಮಾತು ಹುಡುಕಾಕತ್ತಿ." ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದಳು. ಬಾಣಂತಿಯ ಜೊತೆ ವಾದ ಬೇಡವೆಂದು ಎದ್ದು ಹೊರಗೆ ಬಂದೆ.

18 ಆಗಸ್ಟ್, ಶುಕ್ರವಾರ. ಖಾನಾಪುರ

ಬೀಡಿ ಖಾನಾಪುರದ ಇಗರ್ಜಿಗೆ ಸೇರಿದ್ದು. ಅಲ್ಲಿಯ ಗುರು ಫಾದರ್ ಪಾಸ್ಕಲ್. ಮೂವತ್ತೂ ತುಂಬಿಲ್ಲ. ನಾನು ಹೋದಾಗ ಮೋಟರ್‌ಸೈಕಲ್ಲಿನ ಚೈನು ಬಿಚ್ಚಿ ಕೈಯೆಲ್ಲ ಎಣ್ಣೆ ಮಾಡಿಕೊಂಡಿದ್ದರು. ಕೊಂಕಣಿ, ಮರಾಠಿ, ಕನ್ನಡ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ.

ಕೂಸಿಗೆ ಮತ್ತೆ ಜ್ಞಾನಸ್ನಾನ ಕೊಡಬೇಕೆಂದು ಹೇಳಿದೆ.

"ಮತ್ತೆ ಅನ್ನೋದು ಇಲ್ಲ ಮಾಸ್ತರ. ಒಮ್ಮೆ ಆದರೆ ಆಯ್ತು. ಮತ್ತೆ ಕೊಟ್ಟರೆ ದೇವರು ಮೊದಲನೇ ಸಲ ಮಾತು ಉಳಿಸ್ಕೊಳ್ಳಲಿಲ್ಲ ಅಂದ ಹಾಗೆ ಆಯ್ತದೆ. ನಿಮಗೆ ನಾ ಹೇಳಬೇಕಾ?"

"ಸಂಶಯ ಇದ್ದರೆ ಷರತ್ತಿನ ಮೇಲೆ ಕೊಡಬಹುದು," ಎಂದೆ. ಮೊದಲು ಆಗಿರದಿದ್ದರೆ ಈಗ ಕೊಡುತ್ತೇನೆ ಎಂಬ ಮಾತು ಸೇರಿಸಿ ಕೊಡುವ ಕ್ರಮ ಅದು.

"ಸಂಶಯ ಇದೆಯಾ?"

"ಆ ಹೆಂಗಸಿಗೆ ಅಕ್ಷರ ಬರುವುದಿಲ್ಲ. ನಮ್ಮ ಮತದವಳಲ್ಲ. ಅವಳ ಬದುಕು ಹೇಗೋ ಏನೋ."

ಫಾದರ್ ಎಣ್ಣೆ ಕೈಯನ್ನು ಅರಿವೆಯಿಂದ ಒರೆಸುತ್ತ ಹೇಳಿದರು. "ನನ್ನ ಬದುಕು ನೋಡಿ ನಿಮಗೆ ಪೂಜೆಯ ಫಲ ಸಿಗೋದಾದರೆ ನಿಮ್ಮ ಗತಿ ಕಷ್ಟ ಅದೆ ಮಾಸ್ತರ. ಕೊಡೋದು ಯೇಸುಸ್ವಾಮಿ, ನಾವಲ್ಲ. ಅದಕ್ಕೇ ನಾ ರಾತ್ರಿ ನಿದ್ದೆ ಮಾಡ್ತೇನೆ." ಆಮೇಲೆ ಸ್ವಲ್ಪ ಗಂಭೀರರಾದರು. "ಹೀಗೆ ಮಾಡುವಾ. ನೀವು ಮೂವತ್ತು ವರ್ಷದ ಉಪದೇಶಿ. ನೀವೇ ಹೋಗಿ ಆ ಹೆಂಗಸನ್ನ ಕೇಳಿ. ಯಾವ ನೀರು, ಏನಂದಳು, ಯಾಕೆ ಮಾಡಿದಳು. ಸಂಶಯ ಅದೆ ಅಂತ ನೀವಂದರೆ ನಾ ಷರತ್ತಿನ ಮೇಲೆ ಕೊಡ್ತೇನೆ. ನಿಮ್ಮ ಮಾತೇ ಕೊನೆ."

ಇಷ್ಟು ದಿನದ ಮೇಲೆ ಒಬ್ಬ ಗುರು ನನಗೊಂದು ಕೆಲಸ ಒಪ್ಪಿಸಿದ್ದು. ಹುಡುಗ ನಾನು ತಿಳಿದುಕೊಂಡಷ್ಟು ಅವಿವೇಕಿಯಲ್ಲ.

27 ಆಗಸ್ಟ್, ಭಾನುವಾರ

ಹೊಸ ಪೋಪರ ಆಯ್ಕೆಯಾಯಿತು. ನಗುಮುಖದವರಂತೆ. ಈರಣ್ಣನವರು ಮನೆಯಲ್ಲಿ ಮಾಡಿದ ಹೋಳಿಗೆ ತಂದುಕೊಟ್ಟು, "ನಿಮ್ಮ ದೊಡ್ಡ ಗುರುಗಳಿಗೆ ಪಟ್ಟ ಕಟ್ಟಿದ್ದಕ್ಕ," ಎಂದರು.

ಸತ್ಯವ್ವನಿಗೆ ಕೇಳಬೇಕಾದ ಪ್ರಶ್ನೆ ಹನ್ನೊಂದಾಗಿವೆ. ಅಚ್ಚುಕಟ್ಟಾಗಿ ಒಂದು ಹಾಳೆಯಲ್ಲಿ ಬರೆದುಕೊಂಡೆ.

3 ಸೆಪ್ಟೆಂಬರ್, ಭಾನುವಾರ. ಬೀಡಿ

ಎಲ್ಲವನ್ನೂ ನಡೆದ ಹಾಗೆ ಬರೆಯಬೇಕು. ಬಿಡಬಾರದು.

ಊಟದ ಮೇಲೆ ಮಾರ್ತಾ ಕೂಸಿನೊಡನೆ ಮಲಗಿದ್ದಳು. ಸತ್ಯವ್ವ ಕಟ್ಟೆಯ ಮೇಲೆ ಕುಳಿತು ಕೂಸಿನ ಬಟ್ಟೆ ಮಡಚುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು ಹಾಳೆ ತೆಗೆದೆ.

ಯಾವ ನೀರು ಎಂದು ಕೇಳಿದೆ.

"ಸೇದೂ ಬಾವಿ ನೀರ್ರಿ. ಕೂಸಿಗಂತ ಕಾಸಿ ಆರಿಸಿಟ್ಟಿದ್ನಿ."

ಎಲ್ಲಿ ಎರೆದೆ?

"ತಲಿ ಮ್ಯಾಲ. ಮೂರು ಸಲ."

ಏನಂದಿ? ಅಂದದ್ದನ್ನು ಅಂದ ಹಾಗೇ ಹೇಳು.

ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಸಾಲೆಯ ಹುಡುಗಿ ಪಾಠ ಒಪ್ಪಿಸುವಂತೆ ನೆಟ್ಟಗೆ ಕುಳಿತು ಹೇಳಿದಳು. "ಅನ್ನಾ, ಅಪ್ಪನ ಹೆಸರಿಲೆ, ಮಗನ ಹೆಸರಿಲೆ, ಪವಿತ್ರಾತ್ಮನ ಹೆಸರಿಲೆ ನಿನಗ ನಾ ಸ್ನಾನ ಕೊಡತೀನಿ."

ನಾನು ತಕ್ಷಣ ಹಿಡಿದೆ. "ಸ್ನಾನ ಅಲ್ಲ. ಜ್ಞಾನಸ್ನಾನ."

"ಹೌದರಿ, ಮುಂದೊಂದು ಶಬ್ದ ಇತ್ತು. ನನ್ನ ನಾಲಿಗಿ ಹೊರಳಲಿಲ್ಲ. ಸ್ನಾನ ಅಂದ್ರ ಸಾಕು ಅಂದಿದ್ಲು."

ಯಾರು ಅಂದಿದ್ದಳು ಎಂದು ಕೇಳುವ ಬದಲು ಹಾಳೆಯ ಮುಂದಿನ ಪ್ರಶ್ನೆಗೆ ಹೋದೆ. ಈಗ ಬರೆಯುವಾಗ ನನ್ನ ಬಗ್ಗೆ ನನಗೇ ನಗು ಬರುತ್ತದೆ. ಮುಂದಿನ ಪ್ರಶ್ನೆ, ನಿನಗೆ ಈ ಅಧಿಕಾರ ಯಾರು ಕೊಟ್ಟರು?

ಸತ್ಯವ್ವ ನನ್ನ ಮುಖ ನೋಡಿದಳು. "ನನಗೆಲ್ಲಿ ಅಧಿಕಾರ್ರಿ? ಅದಕ್ಕ ಅಲ್ಲೇನು ಅವರ ಹೆಸರು ತಗೊಂಡದ್ದು? ನನ್ನದ ಅಧಿಕಾರ ಇದ್ದಿದ್ರ ನನ್ನ ಹೆಸರಿಲೆ ಮಾಡತಿದ್ನಿ." ಬಟ್ಟೆ ಮತ್ತೆ ಕೈಗೆತ್ತಿಕೊಂಡು ಹೇಳಿದಳು. "ನನ್ನ ಗಂಡ ಊರ ವಾಲೀಕಾರ ಇದ್ದ. ಡಂಗುರ ಹೊಡೀತಿದ್ದ. ಅವನ ಹರಕು ಅಂಗಿ ನೋಡಿ ಯಾರೂ ಮಾತು ತಗದು ಹಾಕಲಿಲ್ಲ. ಮಾತು ಸರಕಾರದ್ದು. ಬಾಯಿ ಇವಂದು. ಅಷ್ಟರಿ."

ಉತ್ತರ ಬರೆದುಕೊಳ್ಳಲು ಹೋದೆ. ಡಂಗುರ ಎಂದಷ್ಟೇ ಬರೆದೆ.

"ಮತ್ತೆ ನಿನ್ನ ಮನಸ್ಸಿನಲ್ಲಿ ಏನಿತ್ತು? ಏನು ಮಾಡುತ್ತಿದ್ದೇನೆ ಅಂತ ತಿಳಿದು ಮಾಡಿದಿ?"

"ಅದೆಲ್ಲ ನನಗ ತಿಳಿಯಂಗಿಲ್ರಿ. ನಿಮ್ಮ ಮಂದಿ ಏನು ಮಾಡತಾರೋ ಅದನ್ನ ಮಾಡಬೇಕು ಅಂತ ಮಾಡೀನಿ. ಅನ್ನವ್ವಗ ಮಾತು ಕೊಟ್ಟಿದ್ನಿ."

ಆಗ ಕೇಳಿದೆ. "ಯಾವ ಅನ್ನವ್ವ?"

"ನಿಮ್ಮ ಅನ್ನವ್ವ, ಮಾಸ್ತರ."

ನನ್ನ ಹೆಂಡತಿಯ ತವರು ಬೀಡಿ. ಅಷ್ಟು ನನಗೆ ನೆನಪಿರಬೇಕಿತ್ತು. ಸತ್ಯವ್ವ ಹೇಳಿದ್ದನ್ನು ಇಲ್ಲಿ ಅವಳ ಮಾತಿನಲ್ಲೇ ಇಡುತ್ತೇನೆ.

"ಮಾರ್ತಾ ಹೊಟ್ಟ್ಯಾಗ ಇದ್ದಾಗ ಏಳು ತಿಂಗಳಾಗ ಬಂದ್ಲು. ನಾ ಆಗಿನ್ನೂ ಅತ್ತಿ ಕೈಯಾಗ ಈ ಕೆಲಸ ಕಲ್ಯಾಕತ್ತಿದ್ನಿ. ಬಾವಿ ಕಟ್ಟಿಗೆ ಕರಕೊಂಡು ಹೋಗಿ, ಸತ್ಯವ್ವ, ನಿನಗೊಂದು ಕಲಸ್ತೀನಿ, ಮರೀಬ್ಯಾಡ ಅಂದ್ಲು. ಚರಗಿ ನನ್ನ ಕೈಯಾಗ ಕೊಟ್ಟು ತಾನ ತಲಿ ಬಗ್ಗಿಸಿದ್ಲು. ಎರಿ, ನಾ ಹೇಳಿದಂಗ ಅನ್ನು ಅಂದ್ಲು. ಅಕಿ ಹೆಸರು ಹಚ್ಚಿನ ಕಲಿತಿದ್ನಿ, ಅದಕ್ಕ ಕೂಸಿಗೂ ಅದ ಹೆಸರು ಬಂತು ಬಾಯಾಗ. ಆಮ್ಯಾಲ ತವರಿಗೆ ಬಂದಾಗೆಲ್ಲ ಕೇಳೂದ ಕೇಳೂದು, ಹೇಳು ನೋಡೂಣು ಅಂತ. ಯಾಕಬೇ, ಯಾವಾಗ ಬೇಕಾಕೈತಿದು ಅಂದ್ರ, ಬ್ಯಾಡ ಆಗಲಿ ಅಂತನ ಕಲಸ್ತೀನಿ ಅನ್ನಾಕಿ. ಮೊದಲನೇ ಕೂಸಿನ ಸಂಕಟರಿ ಅದು. ನಿಮಗ ಗೊತ್ತಿದ್ದದ್ದ."

ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡೆ. ಇನ್ನೂ ಐದು ಪ್ರಶ್ನೆ ಉಳಿದಿದ್ದವು.

4 ಸೆಪ್ಟೆಂಬರ್

ಬರೆಯಲಾರೆ.

9 ಸೆಪ್ಟೆಂಬರ್, ಶನಿವಾರ. ಖಾನಾಪುರದಿಂದ ಬಂದು

1949ರಲ್ಲಿ ನಮಗೊಂದು ಗಂಡು ಮಗು ಹುಟ್ಟಿತ್ತು. ಬೀಡಿಯಲ್ಲಿ. ಒಂದು ಗಂಟೆ ಇತ್ತಂತೆ. ನಾನು ಬೆಳಗಾವಿಯಲ್ಲಿದ್ದೆ. ಮರುದಿನ ಹೋಗುವಷ್ಟರಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಜ್ಞಾನಸ್ನಾನ ಆಗಿರಲಿಲ್ಲ. ಅಂಥ ಕೂಸನ್ನು ಮಂತ್ರಿಸಿದ ಭೂಮಿಯಲ್ಲಿ ಹೂಳುವಂತಿಲ್ಲ ಎಂದು ಆಗಿನ ಗುರುಗಳು ಹೇಳಿದರು. ಖಾನಾಪುರದ ಸಿಮಿಟ್ರಿಯ ಬೇಲಿಯ ಹೊರಗೆ ನಾನೇ ಅಗೆದೆ. ಹಸಿ ಬಾಣಂತಿ, ಬೇಡವೆಂದರೂ ಬಂದಿದ್ದ ಅನ್ನವ್ವ ಬೇಲಿಯ ಒಳಗೆ ಒಂದು ಮೂಲೆ ತೋರಿಸಿ ನನ್ನ ಕೈ ಹಿಡಿದಿದ್ದಳು. ನೇಮ ಅಂದರೆ ನೇಮ ಎಂದೆ. ಹೊಸದಾಗಿ ಉಪದೇಶಿ ಆಗಿದ್ದೆ.

ಆ ವರ್ಷವೇ ದೊಡ್ಡವರ ಪಾಠದಲ್ಲಿ, ಅಪಾಯದಲ್ಲಿ ಯಾರು ಬೇಕಾದರೂ ನೀರು ಎರೆಯಬಹುದು ಎಂದು ಕಲಿಸಿದೆ. ಅನ್ನವ್ವ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಆ ದಿನದವರೆಗೆ ಅವಳಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೆರಿಗೆಗೆ ಕಳಿಸುವಾಗ ಹೇಳಿರಲಿಲ್ಲ. ಪಾಠದ ಹೊತ್ತಿಗೆ ಪಾಠ ಎಂದಿಟ್ಟಿದ್ದೆ. ಇಪ್ಪತ್ತೆರಡು ವರ್ಷ ನನ್ನ ಜೊತೆ ಉಂಡು, ನನ್ನ ಅಂಗಿಗೆ ಗುಂಡಿ ಹಚ್ಚಿ, ಒಂದು ದಿನವೂ ಆ ಮಾತು ಎತ್ತದೆ ಹೋದಳು. ಬಾವಿ ಕಟ್ಟೆಯಲ್ಲಿ ತಲೆ ಬಗ್ಗಿಸಿದ್ದನ್ನೂ ಹೇಳಲಿಲ್ಲ. ಹೇಳಿದ್ದರೆ ನಾನೇನು ಅನ್ನುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಇವತ್ತು ಬೆಳಿಗ್ಗೆ ಫಾದರ್ ಪಾಸ್ಕಲ್ ಅವರಿಗೆ ಎಲ್ಲ ಹೇಳಿದೆ. ಅವರು ಮೋಟರ್‌ಸೈಕಲ್ಲಿನ ಕೀಲಿ ತಿರುಗಿಸುವುದನ್ನು ನಿಲ್ಲಿಸಿ ಕೇಳಿದರು.

"ಜ್ಞಾನ ಅನ್ನುವ ಶಬ್ದ ಬಿಟ್ಟಿದ್ದಾಳೆ," ಎಂದೆ. ವರದಿಯಲ್ಲಿ ಬಿಡಬಾರದಲ್ಲ.

"ಜ್ಞಾನ ನಾವು ಅಂದಕ್ಕೆ ಕನ್ನಡದಲ್ಲಿ ಸೇರಿಸಿದ್ದು ಮಾಸ್ತರ. ಮೂಲದಲ್ಲಿ ಬರೀ ಸ್ನಾನ. ಸಂಶಯ ಅದೆಯಾ?"

"ಇಲ್ಲ ಫಾದರ್. ಆಗಿದೆ."

ಹೊರಡುವ ಮೊದಲು ಆ ಇನ್ನೊಂದನ್ನು ಕೇಳಿದೆ. ನನ್ನ ಮಗನ ಗತಿ ಏನು ಎಂದು. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರನ್ನೂ ಕೇಳಿರಲಿಲ್ಲ, ಉತ್ತರ ಗೊತ್ತಿದೆ ಎಂದುಕೊಂಡಿದ್ದೆ.

ಫಾದರ್ ಕೀಲಿಯನ್ನು ಜೇಬಿಗೆ ಹಾಕಿದರು. ಆಮೇಲೆ ಅಂದರು, "ಆ ನೀರು, ಆ ಮಾತು ಯೇಸುಸ್ವಾಮಿ ನಮಗೆ ಒಪ್ಪಿಸಿದ್ದು. ನಾವು ಅದನ್ನ ಬಿಡೋಕೆ ಬರೋದಿಲ್ಲ, ಬದಲು ಮಾಡೋಕೆ ಬರೋದಿಲ್ಲ. ನಮ್ಮನ್ನ ಅವರು ಕಟ್ಟಿದ್ದಾರೆ. ಅವರನ್ನ ಕಟ್ಟೋ ಅಧಿಕಾರ ನಮಗೆ ಕೊಟ್ಟಿಲ್ಲ ಮಾಸ್ತರ. ಬೇಲಿ ಹಾಕಿದ್ದು ನಾವು. ಅವರು ಬೇಲಿ ಆಚೆ ಹೋಗಿ ಎತ್ಕೊಂಡಿರ್ತಾರೆ."

ಇಬ್ಬರೂ ಸಿಮಿಟ್ರಿಗೆ ಹೋದೆವು. ಬೇಲಿಯ ಜಾಗದಲ್ಲಿ ಈಗ ಕಲ್ಲಿನ ಗೋಡೆ. ಹೊರಗೆ ಸೊಂಟದೆತ್ತರ ಹುಲ್ಲು. ಜಾಗ ಗುರುತು ಸಿಗಲಿಲ್ಲ. ಒಂದು ಕಡೆ ನಿಂತೆ. ಫಾದರ್ ನಿಲುವಂಗಿ ಎತ್ತಿ ಸಿಕ್ಕಿಸಿಕೊಂಡು, ಒದ್ದೆ ಹುಲ್ಲಿನಲ್ಲಿ ಆ ಕಡೆ ಈ ಕಡೆ ಎಲ್ಲ ನಡೆದು ಮಂತ್ರಿಸಿದ ನೀರು ಚಿಮುಕಿಸಿದರು. "ಎಲ್ಲೋ ಒಂದು ಕಡೆ ಬಿದ್ದಿರ್ತದೆ," ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಬಂದೆ. ಯಾರಾದರೂ ಮಾತಾಡಿಸಿದರೆ ಎಂದು ಹೆದರಿಕೆಯಿತ್ತು.

29 ಸೆಪ್ಟೆಂಬರ್, ಶುಕ್ರವಾರ. ಬೆಳಗಾವಿ

ಕೂಸಿಗೆ ನ್ಯುಮೋನಿಯಾ. ಬುಧವಾರ ಮಾರ್ತಾ ಮತ್ತು ಸತ್ಯವ್ವ ಬಸ್ಸಿನಲ್ಲಿ ತಂದರು. ದಾರಿಯುದ್ದಕ್ಕೂ ಸತ್ಯವ್ವ ಎದೆಗೆ ಅಪ್ಪಿಕೊಂಡೇ ಬಂದಳಂತೆ. ಇಲ್ಲಿಯ ದವಾಖಾನೆಯಲ್ಲಿ ಸೇರಿಸಿದ್ದೇವೆ. ಮೂಗಿಗೆ ನಳಿಕೆ ಹಾಕಿದ್ದಾರೆ. ಉಸಿರಾಡುವಾಗ ಪಕ್ಕೆ ಒಳಗೆ ಹೋಗುತ್ತದೆ.

ಒಳಗೆ ಒಬ್ಬರನ್ನೇ ಬಿಡುತ್ತಾರೆ. ಇವತ್ತು ಮಧ್ಯಾಹ್ನ ಮಾರ್ತಾಳನ್ನು ಊಟಕ್ಕೆ ಕಳಿಸಿ ನಾನು ಕುಳಿತೆ. ಎರಡು ಗಂಟೆಯ ಸುಮಾರಿಗೆ ಕೂಸಿನ ತುಟಿ ಕಪ್ಪಿಟ್ಟಿತು. ನರ್ಸ್ ಓಡಿ ಬಂದು ಏನೋ ಮಾಡಿದರು. ಡಾಕ್ಟರನ್ನು ಕರೆಯುತ್ತೇನೆ ಎಂದು ಹೋದರು. ನಾನು ಒಬ್ಬನೇ.

ಮೇಜಿನ ಮೇಲೆ ನನಗೆಂದು ಇಟ್ಟಿದ್ದ ಒಂದು ಗ್ಲಾಸು ನೀರು. ಯಾವಾಗ ಕೈಗೆ ತೆಗೆದುಕೊಂಡೆನೋ ತಿಳಿಯದು. ಕೂಸಿನ ತಲೆಯ ಮೇಲೆ ಹಿಡಿದಿದ್ದೆ. ಒಂದು ಹನಿ ಅಷ್ಟೇ, ಯಾರಿಗೂ ಗೊತ್ತಾಗುವುದಿಲ್ಲ, ಸರಿಯಾದ ಮಾತಿನಲ್ಲಿ ನಾನೇ ಎರೆದುಬಿಟ್ಟರೆ ಮನಸ್ಸಿಗೆ ನಿಶ್ಚಿಂತೆ ಅನಿಸಿತು. ಮಾತು ತುದಿನಾಲಿಗೆಗೆ ಬಂದಿತ್ತು.

ಆಮೇಲೆ ಅಂದುಕೊಂಡೆ, ಎರೆದರೆ ಯಾರನ್ನು ಸುಳ್ಳು ಮಾಡಿದ ಹಾಗೆ? ಸತ್ಯವ್ವನನ್ನಲ್ಲ. ಅವಳು ತನ್ನದು ಅಂತ ಏನನ್ನೂ ಹೇಳಿಕೊಂಡಿಲ್ಲ. ಆವತ್ತು ಬೀಡಿಯಲ್ಲಿ ಯಾರ ಹೆಸರು ಹಿಡಿದು ಕರೆದಳೋ ಅವರು ಬರಲಿಲ್ಲ, ಚೌರಪ್ಪ ಮಾಸ್ತರ ಬಾಯಿಂದ ಕರೆದರೆ ಮಾತ್ರ ಬರುತ್ತಾರೆ ಎಂದ ಹಾಗೆ ಆಗುತ್ತಿತ್ತು.

ಕೂಸಿನ ತಲೆಯ ಮೇಲೆ ಒಣಗೈ ಇಟ್ಟೆ. ನಿನ್ನ ಮಗಳು, ನೀನೇ ನೋಡಿಕೋ ಎಂದೆ. ಇದಕ್ಕಿಂತ ಉದ್ದ ಪ್ರಾರ್ಥನೆ ಬರಲಿಲ್ಲ. ಆ ನೀರು ನಾನೇ ಕುಡಿದೆ.

ಡಾಕ್ಟರು ಬಂದು ಇಂಜೆಕ್ಷನ್ ಬದಲಿಸಿದರು. ನಾಲ್ಕಕ್ಕೆ ಈರಣ್ಣನವರು ಬುತ್ತಿ ತಂದು, ಹೊಸ ಪೋಪರೂ ತೀರಿಹೋದ ಸುದ್ದಿ ಹೇಳಿದರು. ಪಟ್ಟಕ್ಕೆ ಬಂದು ಮೂವತ್ತಮೂರೇ ದಿನ. "ಮತ್ತ ಖುರ್ಚಿ ಖಾಲಿ ಆತಲ್ರಿ ಮಾಸ್ತರ," ಎಂದು ಮರುಗಿದರು.

"ಖಾಲಿ ಇರಂಗಿಲ್ರಿ," ಎಂದೆ. ವಿವರಿಸಲು ತ್ರಾಣವಿರಲಿಲ್ಲ.

2 ಅಕ್ಟೋಬರ್, ಸೋಮವಾರ

ಜ್ವರ ಇಳಿದಿದೆ. ನಳಿಕೆ ತೆಗೆದರು. ಬೆಳಿಗ್ಗೆ ಅತ್ತ ಅಳು ವಾರ್ಡಿಗೆಲ್ಲ ಕೇಳಿಸಿತು, ಯಾರೂ ಬೈಯಲಿಲ್ಲ.

ಕ್ಯಾಂಪಿನ ಇಗರ್ಜಿಯ ಸಿಸ್ಟರ್ ಬಂದಿದ್ದರು. ಗಿಟಾರ್ ತಂದಿರಲಿಲ್ಲ. ತಂದಿದ್ದರೂ ನಡೆಯುತ್ತಿತ್ತು.

ಸತ್ಯವ್ವ ವರಾಂಡದಲ್ಲೇ ಐದು ದಿನ ಕಳೆದಿದ್ದಾಳೆ. ನನ್ನ ಕೋಣೆಗೆ ಬಂದು ಮಲಗು, ನಾನು ಈರಣ್ಣನವರ ಪಡಸಾಲೆಯಲ್ಲಿ ಇರುತ್ತೇನೆ ಎಂದರೂ ಕೇಳುವುದಿಲ್ಲ. ಅವಳಿಗೆ ಚಹಾ ಒಯ್ದು ಕೊಟ್ಟೆ. ಸಕ್ಕರೆ ಕಡಿಮೆ ಆಗಿದೆ ಎಂದಳು.

22 ಅಕ್ಟೋಬರ್, ಭಾನುವಾರ. ಖಾನಾಪುರ

ಇವತ್ತು ಕೂಸನ್ನು ಇಗರ್ಜಿಗೆ ಒಪ್ಪಿಸಿದೆವು. ಬೆಳಗಾವಿಯಲ್ಲಲ್ಲ, ಖಾನಾಪುರದಲ್ಲೇ. ಅದೇ ಅವಳ ಇಗರ್ಜಿ. ರೋಮ್‌ನಲ್ಲಿಯೂ ಇವತ್ತೇ ಹೊಸ ಪೋಪರ ಪಟ್ಟಾಭಿಷೇಕವಂತೆ. ನಮ್ಮ ಗದ್ದಲದಲ್ಲಿ ಅದು ಮರೆತೇ ಹೋಗಿತ್ತು.

ನೀರು ಎರೆಯಲಿಲ್ಲ. ಉಳಿದದ್ದೆಲ್ಲ ಆಯಿತು. ಎಣ್ಣೆ ಹಚ್ಚಿದರು. ಮಾರ್ತಾ ಹಾಕಿಕೊಂಡಿದ್ದ ಅಂಗಿಯನ್ನೇ ಹಾಕಿದೆವು, ಮೂರು ಸುತ್ತು ಸಡಿಲಾಯಿತು. ಬಸ್ತ್ಯಾಂವ ಮೇಣದ ಬತ್ತಿ ಹಿಡಿದು ತನ್ನ ತೋಳಿನ ಮೇಲೆಲ್ಲ ಮೇಣ ಸುರಿದುಕೊಂಡ. ಕೂಸು ಫಾದರ್ ಪಾಸ್ಕಲ್‌ರ ಗಡ್ಡ ಹಿಡಿದು ಬಿಡಲಿಲ್ಲ. ಪೂಜೆಯ ನಡುವೆ ಅವರು ಸಭೆಗೆ ಕೊಂಕಣಿಯಲ್ಲೂ ಕನ್ನಡದಲ್ಲೂ ಹೇಳಿದರು, ಈ ಕೂಸಿನ ಜ್ಞಾನಸ್ನಾನ ಆಗಸ್ಟ್ ಒಂಬತ್ತರಂದೇ ಸೂಲಗಿತ್ತಿಯ ಕೈಯಿಂದ ಆಗಿದೆ, ಅವತ್ತು ಇಲ್ಲಿಂದ ಯಾರೂ ಹೋಗಲಾಗಲಿಲ್ಲ, ಸ್ವಾಮಿ ನಮಗಾಗಿ ಕಾಯುತ್ತ ಕೂರಲಿಲ್ಲ ಎಂದು. ಸತ್ಯವ್ವ ಕೊನೆಯ ಸಾಲಿನಲ್ಲಿ ಹೊಸ ಇಳಕಲ್ ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟು ಕುಳಿತಿದ್ದಳು. ಎಲ್ಲರೂ ತಿರುಗಿ ನೋಡಿದಾಗ ಅವಳೂ ಹಿಂದೆ ತಿರುಗಿ ನೋಡಿದಳು.

ಪೂಜೆ ಮುಗಿದ ಮೇಲೆ ಒಳಕೋಣೆಯಲ್ಲಿ ದೊಡ್ಡ ದಾಖಲೆ ಪುಸ್ತಕ ತೆರೆದರು. ನೂರು ವರ್ಷದ ಮೇಲಿನದು, ಪುಟ ಹಳದಿಯಾಗಿದೆ. "ನನ್ನ ಕನ್ನಡ ಅಕ್ಷರ ಕೋಳಿ ಕೆದರಿದ ಹಾಗೆ ಮಾಸ್ತರ, ನೀವು ಬರೀರಿ," ಎಂದು ಪೆನ್ನು ನನಗೆ ಕೊಟ್ಟರು. ಕೂಸಿನ ಹೆಸರು ಅನ್ನಾ, ತಂದೆ, ತಾಯಿ, ಊರು ಬರೆದೆ. ಕೊನೆಯ ಖಾನೆ ಜ್ಞಾನಸ್ನಾನ ಕೊಟ್ಟವರದು. ಆ ಪುಟದಲ್ಲಿ ಮೇಲಿಂದ ಕೆಳಗೆ ಎಲ್ಲ ಗುರುಗಳ ಹೆಸರೇ.

ಸತ್ಯವ್ವನನ್ನು ಒಳಗೆ ಕರೆದು, ಗಂಡನ ಹೆಸರೇನು ಎಂದು ಕೇಳಿದೆ.

"ಯಾಕ್ರಿ?"

"ನಿನ್ನ ಹೆಸರು ಇಲ್ಲಿ ಬರೀಬೇಕು."

ಅವಳು ಗಾಬರಿಯಾದಳು. "ನನ್ನ ಹೆಸರು ಬ್ಯಾಡ್ರಿ. ನಾ ಮಾಡಿಲ್ಲ. ಯಾರ ಹೆಸರು ತಗೊಂಡ್ನೋ ಅವರದು ಬರೀರಿ."

"ಅವರದು ಪುಸ್ತಕದ ತುಂಬ ಐತಿ, ಸತ್ಯವ್ವ. ಯಾರ ಕೈಲೆ ಮಾಡಿಸಿದರು ಅಂತ ಅಷ್ಟೇ ಇಲ್ಲಿ ಬರೀತಾರ. ಈ ಗುರುಗಳದೂ ಎಲ್ಲಾ ಹಂಗ."

ಫಾದರ್ ಪಾಸ್ಕಲ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಸತ್ಯವ್ವ ಗಂಡನ ಹೆಸರನ್ನು ನೇರ ಹೇಳಲು ನಾಚಿ, ಸೆರಗು ಬಾಯಿಗಿಟ್ಟುಕೊಂಡು ಹೇಳಿದಳು. ಹಣಮಪ್ಪ. ನಾನು ನಿಧಾನವಾಗಿ, ಮಕ್ಕಳಿಗೆ ತಿದ್ದಿಸುವಾಗ ಬರೆಯುವಂಥ ದುಂಡು ಅಕ್ಷರದಲ್ಲಿ ಬರೆದೆ. ಶ್ರೀಮತಿ ಸತ್ಯವ್ವ, ಗಂಡ ಹಣಮಪ್ಪ, ಬೀಡಿ.

"ಇದರಾಗ ನಾ ಎಲ್ಲಿ ಅದೀನಿ?" ಎಂದು ಕೇಳಿದಳು.

ಬೆರಳಿಟ್ಟು ತೋರಿಸಿದೆ. ಬಗ್ಗಿ ಬಹಳ ಹೊತ್ತು ನೋಡಿದಳು. ಹೊರಗೆ ಬಸ್ತ್ಯಾಂವ ಬಸ್ಸಿಗೆ ಹೊತ್ತಾಯಿತೆಂದು ಕೂಗುತ್ತಿದ್ದ. ಶಾಯಿ ಹಸಿಯಿತ್ತು. ಅದು ಆರುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು.